ಓಟದ ಕಾರಿನ ಚಿತ್ರ: ಮಕ್ಕಳಿಗೆ ತೋರಿಸಬಹುದೇ?



ಈ ಸಲದ ವಿಷಯವನ್ನು ನಾವು ಹುಡುಕಿಕೊಂಡು ಹೋಗಲಿಲ್ಲ. ಅದೇ ನಮ್ಮ ಅಂಗಡಿಯ ಕಟ್ಟೆಗೆ ಬಂದು ಕುಳಿತಿತು. ದೀಪಾವಳಿ ರಜೆಯಲ್ಲಿ ನಮ್ಮ ಬಸದಿಯ ಪಾಠಶಾಳೆಯಲ್ಲಿ ಮಕ್ಕಳಿಗೆ ಐದು ದಿನದ ಸಂಸ್ಕಾರ ಶಿಬಿರ ನಡೆಸುವುದು ವಾಡಿಕೆ. ಕೊನೆಯ ದಿನ ಸಾಯಂಕಾಲ ಮನರಂಜನೆಗೆಂದು ಒಂದು ಚಲನಚಿತ್ರ ತೋರಿಸುತ್ತಾರೆ. ಈ ಸಲ ಯುವಕ ಮಂಡಳದವರು ಆರಿಸಿದ್ದು 'ಫೋರ್ಡ್ ವರ್ಸಸ್ ಫೆರಾರಿ' ಎಂಬ 2019ರ ಇಂಗ್ಲಿಷ್ ಚಿತ್ರ. ಮೋಟಾರು ಓಟದ ಕಥೆ. ಸುದ್ದಿ ತಾಯಂದಿರ ಕಿವಿಗೆ ಬಿದ್ದೊಡನೆ ಬಸದಿಯ ಮೆಟ್ಟಿಲ ಮೇಲೆಯೇ ವಾದ ಹತ್ತಿತು.

"ಅಣ್ಣಾರ, ಅದರಾಗ ಬಿಯರ್ ಕುಡೀತಾರ, ನಡು ರಸ್ತೆದಾಗ ಹೊಡದಾಡ್ತಾರ, ಕಾರಿಗೆ ಬೆಂಕಿ ಹತ್ತಿ ಮನಶ್ಯಾ ಸಾಯ್ತಾನ. ಬಸದಿ ಅಂಗಳದಾಗ ಇಂಥಾದ್ದು ತೋರಸೂದೇನ್ರಿ?" ಎಂದು ಒಬ್ಬ ತಾಯಿ ಕೇಳಿದರು. ಯುವಕ ಮಂಡಳದ ಹುಡುಗ, "ಕಾಕಾ, ಇದಕ್ಕ ಎರಡು ಆಸ್ಕರ್ ಬಂದಾವ್ರಿ. ದುಡಿಮಿ, ಗೆಳೆತನ, ಅಪ್ಪ ಮಗನ ಪ್ರೀತಿ ಎಲ್ಲಾ ಅದರಾಗ ಅದ" ಎಂದ. ಇಬ್ಬರೂ ನಮ್ಮ ಕಡೆ ತಿರುಗಿದರು. ತಿಂಗಳಿಗೊಮ್ಮೆ ಈ ಪುಟದಲ್ಲಿ ನಾಲ್ಕು ಮಾತು ಬರೆಯುವವರಿಗೆ ಎಲ್ಲ ವಿಷಯದಲ್ಲೂ ಅಭಿಪ್ರಾಯವಿರುತ್ತದೆ ಎಂದು ಜನ ತಿಳಿದಿದ್ದಾರೆ. ನೋಡದ ಚಿತ್ರದ ಬಗ್ಗೆ ಹೇಳಲಾರೆವು, ಎರಡು ದಿನ ಕೊಡಿರಿ ಎಂದು ಹೇಳಿ ಮನೆಗೆ ಬಂದೆವು.

ಮನೆಯಲ್ಲಿ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡೆವು. ಹತ್ತನೆಯ ತರಗತಿಯ ಹುಡುಗ. ನಮ್ಮ ಇಂಗ್ಲಿಷ್ ಬಿಲ್ಲು, ಬಿಲ್ಟಿ ಓದುವಷ್ಟು ಮಾತ್ರ. ಚಿತ್ರದವರು ಮಾತಾಡುವ ವೇಗಕ್ಕೆ ಅದು ಸಾಲದು. ಆದ್ದರಿಂದ ಅವನು ಅರ್ಥ ಹೇಳುತ್ತ ಹೋಗಬೇಕು, ನಾವು ನೋಡುತ್ತ ಹೋಗಬೇಕು. ಐದು ನಿಮಿಷದಲ್ಲೇ ಗುಟ್ಟು ರಟ್ಟಾಯಿತು. ಪರದೆಯ ಮೇಲೆ ಮಾತು ಬರುವ ಮೊದಲೇ ಅವನು ಅರ್ಥ ಹೇಳುತ್ತಿದ್ದ. ಮಕ್ಕಳಿಗೆ ಯೋಗ್ಯವೋ ಅಲ್ಲವೋ ಎಂದು ನಾವು ಪರೀಕ್ಷೆಗೆ ಕುಳಿತ ಚಿತ್ರವನ್ನು ಆ ಮಹಾರಾಯ ಮೊಬೈಲಿನಲ್ಲಿ ಆಗಲೇ ಎರಡು ಸಲ ನೋಡಿ ಮುಗಿಸಿದ್ದ! ಈ ಕಾಲದಲ್ಲಿ ಹಿರಿಯರ ಒಪ್ಪಿಗೆ ಎಂಬುದು ಎಷ್ಟು ತಡವಾಗಿ ಬರುತ್ತದೆ ಎಂಬುದು ಅಲ್ಲೇ ತಿಳಿಯಿತು. ಆದರೂ ಹಿಡಿದ ಕೆಲಸ ಬಿಡಲಿಲ್ಲ. 152 ನಿಮಿಷದ ಚಿತ್ರವನ್ನು ಎರಡು ರಾತ್ರಿ ಕುಳಿತು ನೋಡಿದೆವು.

ಕಥೆ ನಡೆದ ಸಂಗತಿಯ ಮೇಲೆ ನಿಂತಿದೆ. ಫ್ರಾನ್ಸ್ ದೇಶದ ಲೆ ಮಾನ್ ಎಂಬ ಊರಿನಲ್ಲಿ 1923ರಿಂದ 24 ಗಂಟೆಗಳ ಕಾರಿನ ಓಟ ನಡೆಯುತ್ತದೆ. ಇಟಲಿಯ ಫೆರಾರಿ ಕಂಪನಿ 1960ರಿಂದ 1965ರವರೆಗೆ ಸತತ ಆರು ವರ್ಷ ಅದನ್ನು ಗೆದ್ದಿತು. ಅಮೇರಿಕದ ಫೋರ್ಡ್ ಕಂಪನಿ 1963ರಲ್ಲಿ ಫೆರಾರಿಯನ್ನು ಕೊಂಡುಕೊಳ್ಳಲು ಹೋಗಿ, ವ್ಯವಹಾರ ಕೊನೆಯ ಗಳಿಗೆಯಲ್ಲಿ ಮುರಿದುಬಿತ್ತು. ಆ ಅವಮಾನ ತೀರಿಸಿಕೊಳ್ಳಲು ಫೋರ್ಡ್ ಯಜಮಾನ ಹಣದ ಚೀಲ ಬಿಚ್ಚಿದ. ಕಾರು ಸಿದ್ಧಪಡಿಸುವ ಕೆಲಸ ಕ್ಯಾರಲ್ ಶೆಲ್ಬಿ ಎಂಬವನ ಪಾಲಿಗೆ ಬಂತು. ಇವನು ತಾನೇ 1959ರಲ್ಲಿ ಲೆ ಮಾನ್ ಗೆದ್ದವನು, ಹೃದಯದ ಬೇನೆಯಿಂದ ಓಟ ಬಿಟ್ಟವನು. (ಅದಕ್ಕೂ ಮುಂಚೆ ಕೋಳಿ ಸಾಕಣೆ ಮಾಡಿ, ಕೋಳಿಗಳೆಲ್ಲ ರೋಗದಿಂದ ಸತ್ತು ದಿವಾಳಿಯಾಗಿದ್ದ. ಅದು ಚಿತ್ರದಲ್ಲಿಲ್ಲ, ನಮ್ಮವರಿಗೆ ಆ ಧಂದೆಯ ಪರಿಚಯ ಬೇಕಾಗಿಯೂ ಇಲ್ಲ.) ಕಾರು ಓಡಿಸಿದವನು ಕೆನ್ ಮೈಲ್ಸ್ ಎಂಬ ಇಂಗ್ಲೆಂಡಿನವನು. 1966ರ ಜೂನಿನಲ್ಲಿ ಫೋರ್ಡ್ ಕಾರುಗಳು ಒಂದು, ಎರಡು, ಮೂರನೆಯ ಸ್ಥಾನಗಳನ್ನೆಲ್ಲ ಹೊಡೆದವು. ಅದೇ ವರ್ಷ ಆಗಸ್ಟ್ 17ರಂದು ಮೈಲ್ಸ್ ಹೊಸ ಕಾರೊಂದನ್ನು ಪರೀಕ್ಷಿಸುತ್ತಿರುವಾಗ ಅಪಘಾತವಾಗಿ ತೀರಿಕೊಂಡ. ವಯಸ್ಸು 47. ಮಗ ಪೀಟರ್ ಅಂದು ಆ ಮೈದಾನದಲ್ಲೇ ಇದ್ದ.

ಸರಕಾರದ ಪ್ರಮಾಣಪತ್ರ ನೋಡಿ ತೀರ್ಮಾನಿಸಬಾರದೇ ಎಂದು ಯಾರಾದರೂ ಕೇಳಬಹುದು. ನಮ್ಮ ದೇಶದಲ್ಲಿ 'ಯುಎ' ಎಂಬ ವರ್ಗ 1983ರಿಂದ ಇದೆ. 2023ರ ತಿದ್ದುಪಡಿಯಿಂದ ಅದರೊಳಗೆ 7, 13, 16 ವರ್ಷದ ಮೂರು ಗೆರೆಗಳನ್ನು ಎಳೆದಿದ್ದಾರೆ. ಒಳ್ಳೆಯದೇ. ಆದರೆ ಅದು ತಂದೆತಾಯಿಗಳಿಗೆ ಕೊಟ್ಟ ಸೂಚನೆ ಮಾತ್ರ. ಬಾಗಿಲಲ್ಲಿ ತಡೆಯುವುದು 'ಎ' ಚಿತ್ರಕ್ಕೆ ಹದಿನೆಂಟರ ಒಳಗಿನವರನ್ನಷ್ಟೆ. ಈ ಚಿತ್ರ 2019ರಲ್ಲಿ ನಮ್ಮ ದೇಶಕ್ಕೆ ಬಂದಾಗ ಮದ್ಯದ ಬಾಟಲಿ, ಗ್ಲಾಸುಗಳನ್ನು ಪರದೆಯ ಮೇಲೆ ಮಸುಕು ಮಾಡಿಸಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಸರಕಾರಕ್ಕೆ ಕಂಡ ದೋಷ ಅದು. ನಮ್ಮ ತಾಯಂದಿರಿಗೆ ಕಂಡದ್ದೂ ಬಹುಮಟ್ಟಿಗೆ ಅದೇ.

ಆದರೆ ಶ್ರಾವಕರ ಮನೆಯಲ್ಲಿ ಇನ್ನೊಂದು ಪ್ರಮಾಣವಿದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ಸ್ವಾಧ್ಯಾಯದಲ್ಲಿ ಓದಿದವರಿಗೆ ಅನರ್ಥದಂಡದ ಐದು ಬಗೆಗಳು ನೆನಪಿರಬಹುದು. ಅವುಗಳಲ್ಲಿ ಒಂದು ದುಃಶ್ರುತಿ. ಮನಸ್ಸನ್ನು ಕಲುಷಿತಗೊಳಿಸುವಂಥದ್ದನ್ನು ಕೇಳುವುದು ದುಃಶ್ರುತಿ. ಕಲುಷಿತಗೊಳಿಸುವವು ಯಾವುವೆಂದು ಹೇಳುವಾಗ ರಾಗ, ದ್ವೇಷ, ಮದ, ಕಾಮಗಳ ಜೊತೆಯಲ್ಲಿ ಆಚಾರ್ಯರು 'ಸಾಹಸ'ವನ್ನೂ ಎಣಿಸಿದ್ದಾರೆ. ಇನ್ನೊಂದು ಪ್ರಮಾದಚರ್ಯೆ. ನೆಲ, ನೀರು, ಬೆಂಕಿ, ಗಾಳಿಗಳನ್ನು ಪ್ರಯೋಜನವಿಲ್ಲದೆ ಕದಡುವುದು, ಗಿಡ ಕಡಿಯುವುದು, ಇವುಗಳ ಸಾಲಿನಲ್ಲೇ ಸುಮ್ಮನೆ ತಿರುಗುವುದು ಮತ್ತು ಇತರರನ್ನು ತಿರುಗಿಸುವುದನ್ನೂ ಸೇರಿಸಿದ್ದಾರೆ. ಸುಮಾರು ಹದಿಮೂರುವರೆ ಕಿಲೋಮೀಟರಿನ ದಾರಿಯನ್ನು ಹಗಲೂ ರಾತ್ರಿ ಸುತ್ತಿ ಸುತ್ತಿ, 4,800 ಕಿಲೋಮೀಟರಿಗೂ ಹೆಚ್ಚು ಓಡಿ, ಹೊರಟ ಜಾಗಕ್ಕೇ ಬಂದು ನಿಲ್ಲುವ ಈ ಪಂದ್ಯವನ್ನು ನೋಡುತ್ತಿದ್ದಾಗ ನಮಗೆ ಆ ಮಾತು ನೆನಪಾಗಿ ನಗು ಬಂತು. ಮೊಮ್ಮಗ ಯಾಕೆಂದು ಕೇಳಿದ, ಹೇಳಿದೆವು. "ಹಂಗಾದ್ರ ಕ್ರಿಕೆಟ್ಟೂ ಸುಮ್ಮನ ಓಡೂದಲ್ಲೇನಜ್ಜಾ?" ಎಂದ. ನಾವು ಭಾರತ ಆಸ್ಟ್ರೇಲಿಯಾ ಪಂದ್ಯಕ್ಕೆ ಅಂಗಡಿಯ ಗಲ್ಲಾ ಬಿಟ್ಟು ಎದ್ದವರು. ಉತ್ತರ ಹೊಳೆಯಲಿಲ್ಲ.

ಈಗ ತಾಯಂದಿರ ಆಕ್ಷೇಪಗಳಿಗೆ ಬರೋಣ. ಬಿಯರಿನ ದೃಶ್ಯಗಳು ಇವೆ, ಆದರೆ ಕುಡಿತವನ್ನು ದೊಡ್ಡದು ಮಾಡಿ ತೋರಿಸುವುದಿಲ್ಲ. ಬೈಗುಳ ಇವೆ, ಇಂಗ್ಲಿಷಿನಲ್ಲಿ ಇರುವುದರಿಂದ ಹಿರಿಯರಿಗೆ ತಿಳಿಯವು, ಮಕ್ಕಳಿಗೆ ಚೆನ್ನಾಗಿ ತಿಳಿಯುತ್ತವೆ. ಶೆಲ್ಬಿ ಮತ್ತು ಮೈಲ್ಸ್ ರಸ್ತೆಯ ಬದಿಯಲ್ಲಿ ಹೊಡೆದಾಡುತ್ತಾರೆ, ಸಂತೆಯ ಸಾಮಾನೆಲ್ಲ ಚೆಲ್ಲಾಪಿಲ್ಲಿ. ಮೈಲ್ಸನ ಹೆಂಡತಿ ಕುರ್ಚಿ ತಂದು ಹಾಕಿಕೊಂಡು ಕುಳಿತು ನೋಡುತ್ತಾಳೆ, ಜಗಳ ಮುಗಿದ ಮೇಲೆ ಇಬ್ಬರಿಗೂ ಕುಡಿಯಲು ತಂದುಕೊಡುತ್ತಾಳೆ. ಇದನ್ನು ನೋಡಿ ನಮ್ಮ ಮನೆಯವರು ಕೂಡ ನಕ್ಕರು. ಅಸಭ್ಯ ದೃಶ್ಯ ಇಲ್ಲವೆಂದೇ ಹೇಳಬೇಕು. ಆ ಮಟ್ಟಿಗೆ ನಮ್ಮ ಮನೆಗಳಲ್ಲಿ ಸಂಜೆ ನಡೆಯುವ ಧಾರಾವಾಹಿಗಳಿಗಿಂತ ಇದು ಎಷ್ಟೋ ಮೇಲು.

ನಮ್ಮ ಕಣ್ಣಿಗೆ ಚುಚ್ಚಿದ್ದು ಬೇರೆ. ಮೈಲ್ಸನನ್ನು ಲೆ ಮಾನ್‌ಗೆ ಕಳಿಸಬಾರದೆಂದು ಕಂಪನಿಯವರು ಹಟ ಹಿಡಿದಾಗ, ಶೆಲ್ಬಿ ಫೋರ್ಡ್ ಯಜಮಾನನೊಡನೆ ಒಂದು ಪಣ ಕಟ್ಟುತ್ತಾನೆ. ಡೇಟೋನಾ ಪಂದ್ಯದಲ್ಲಿ ಮೈಲ್ಸ್ ಗೆದ್ದರೆ ಅವನನ್ನು ಕಳಿಸಬೇಕು. ಸೋತರೆ ತನ್ನ ಇಡೀ ಕಂಪನಿ ಫೋರ್ಡ್ ಪಾಲು. ಕೆಲಸಗಾರರ ಅನ್ನವೆಲ್ಲ ಒಂದು ಪಂದ್ಯದ ಮೇಲೆ! ಇನ್ನೊಂದು ಕಡೆ, ಓಟದ ದಿನ ಇದೇ ಶೆಲ್ಬಿ ಫೆರಾರಿಯವರ ಗಡಿಯಾರಗಳನ್ನು ಎಗರಿಸುತ್ತಾನೆ. ಅವರ ಜಾಗದಲ್ಲಿ ಒಂದು ನಟ್ಟು ಬೀಳಿಸಿ, ತಮ್ಮ ಕಾರಿನದೇ ಬಿದ್ದಿತೋ ಎಂದು ಅವರು ಗಾಬರಿಯಾಗುವಂತೆ ಮಾಡುತ್ತಾನೆ. ಎರಡೂ ನಗಿಸಲಿಕ್ಕೆ ಇಟ್ಟ ದೃಶ್ಯಗಳು. ಸಪ್ತವ್ಯಸನಗಳನ್ನು ಪಾಠಶಾಳೆಯ ಮಕ್ಕಳೆಲ್ಲ ಬಾಯಿಪಾಠ ಹೇಳುತ್ತಾರೆ. ಮೊದಲನೆಯದೇ ಜೂಜು, ಕಳ್ಳತನವೂ ಅದರಲ್ಲಿದೆ. ಆದರೆ ಮದ್ಯ ಕಂಡವರಿಗೆ ಜೂಜು ಕಾಣಲಿಲ್ಲ, ಕಳ್ಳತನ ಕಾಣಲಿಲ್ಲ. ಗೆದ್ದವನು ಮಾಡಿದ್ದೆಂದು ಅದು ಜಾಣತನವಾಯಿತು. ವಾಯದೆ ವ್ಯಾಪಾರದಲ್ಲಿ ಮನೆ ಕಳೆದುಕೊಂಡವರನ್ನು ನಮ್ಮ ಪೇಟೆಯಲ್ಲಿ ನಾವು ಕಂಡಿದ್ದೇವೆ. ಅವರೂ ಮೊದಲು ಒಂದೆರಡು ಸಲ ಗೆದ್ದವರೇ.

ಮೆಚ್ಚಿದ್ದನ್ನೂ ಹೇಳಬೇಕು. ಮೈಲ್ಸ್ ಒಂದು ಗ್ಯಾರೇಜು ಇಟ್ಟಿರುತ್ತಾನೆ. ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ, ಆದರೆ ಗಿರಾಕಿಯೊಡನೆ ಒರಟಾಗಿ ಮಾತಾಡುತ್ತಾನೆ, ತೆರಿಗೆ ಕಟ್ಟುವುದಿಲ್ಲ. ಒಂದು ದಿನ ತೆರಿಗೆಯವರು ಬಂದು ಬಾಗಿಲಿಗೆ ಬೀಗ ಜಡಿಯುತ್ತಾರೆ. ವ್ಯಾಪಾರಿಯ ಮಗನಿಗೆ ಇದಕ್ಕಿಂತ ಒಳ್ಳೆಯ ಪಾಠವನ್ನು ಯಾವ ಪಾಠಶಾಳೆಯಲ್ಲಿ ಹೇಳಿಕೊಡಬೇಕು? ಅಪ್ಪ ಮಗ ಸಂಜೆ ಖಾಲಿ ರನ್‌ವೇಯ ಮೇಲೆ ಕುಳಿತು ತಪ್ಪಿಲ್ಲದ ಒಂದು ಸುತ್ತಿನ ಬಗ್ಗೆ ಮಾತಾಡುವ ದೃಶ್ಯ ಬಹಳ ಹಿಡಿಸಿತು. ಆ ಅಪ್ಪನ ಕಣ್ಣು ದೂರದಲ್ಲಿರುತ್ತದೆ, ಮಗನ ಕಣ್ಣು ಅಪ್ಪನ ಮುಖದ ಮೇಲಿರುತ್ತದೆ.

ಕೊನೆಯ ಓಟದ ಸಂಗತಿ ಇನ್ನೂ ಸ್ವಾರಸ್ಯದ್ದು. ಮೈಲ್ಸ್ ಎಲ್ಲರಿಗಿಂತ ಮುಂದಿದ್ದ. ಮೂರು ಫೋರ್ಡ್ ಕಾರುಗಳೂ ಒಟ್ಟಿಗೆ ಗೆರೆ ದಾಟಿದರೆ ಛಾಯಾಚಿತ್ರ ಚೆನ್ನಾಗಿ ಬರುತ್ತದೆ ಎಂದು ಕಂಪನಿಯ ಅಪ್ಪಣೆಯಾಯಿತು. ಅವನು ವೇಗ ತಗ್ಗಿಸಿದ. ಆಮೇಲೆ ಲೆಕ್ಕ ಹಾಕಿದಾಗ, ಮ್ಯಾಕ್‌ಲಾರೆನ್ ಮತ್ತು ಏಮನ್ ಎಂಬವರ ಕಾರು ಪ್ರಾರಂಭದಲ್ಲಿ ಸುಮಾರು ಇಪ್ಪತ್ತು ಮೀಟರು ಹಿಂದೆ ನಿಂತಿದ್ದರಿಂದ ಅಷ್ಟು ಹೆಚ್ಚು ದೂರ ಓಡಿದೆಯೆಂದು ಅವರನ್ನೇ ವಿಜಯಿಗಳೆಂದು ಸಾರಿದರು. ಇಪ್ಪತ್ತನಾಲ್ಕು ಗಂಟೆ ದುಡಿದವನಿಗೆ ತಕ್ಕಡಿ ಕಡೆಯ ಗುಂಜಿಯಲ್ಲಿ ವಾಲಿತು. ಚಿತ್ರದಲ್ಲಿ ಫೆರಾರಿ ಯಜಮಾನ ಮೈಲ್ಸನಿಗೆ ದೂರದಿಂದಲೇ ಗೌರವ ಸೂಚಿಸುತ್ತಾನೆ. ನಿಜವಾಗಿ ಅವನು ಆ ವರ್ಷ ಅಲ್ಲಿಗೆ ಬಂದೇ ಇರಲಿಲ್ಲ. ಚಿತ್ರವನ್ನು ಚರಿತ್ರೆಯೆಂದು ತಿಳಿಯುವ ಮಕ್ಕಳಿಗೆ ಇದನ್ನೂ ಹೇಳಬೇಕು. ಹಾಗೆಯೇ, 1955ರಲ್ಲಿ ಇದೇ ಲೆ ಮಾನ್‌ನಲ್ಲಿ ಒಂದು ಕಾರು ಸಿಡಿದು ಜನರ ಮೇಲೆ ಬಿದ್ದು ಎಂಬತ್ತಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ಓಟವನ್ನು ಮಾತ್ರ ನಿಲ್ಲಿಸಲಿಲ್ಲ, ಕೊನೆಯವರೆಗೆ ನಡೆಸಿದರು. ಸ್ವಿಟ್ಜರ್ಲೆಂಡ್ ದೇಶ ಆಮೇಲೆ ತನ್ನ ನೆಲದಲ್ಲಿ ಇಂಥ ಓಟವನ್ನೇ ನಿಷೇಧಿಸಿ ಹಲವು ದಶಕ ಆ ನಿಷೇಧವನ್ನು ನಡೆಸಿಕೊಂಡು ಬಂತು. ನೋಡಲು ಬಂದವರು ಸತ್ತ ಆ ಕಥೆಯನ್ನು ಈ ಚಿತ್ರ ಹೇಳುವುದಿಲ್ಲ.

ಮೂರನೆಯ ದಿನ ನಮ್ಮ ತೀರ್ಮಾನ ತಿಳಿಸಿದೆವು. ಹದಿಮೂರು ತುಂಬಿದವರು ನೋಡಬಹುದು. ತಂದೆ ಅಥವಾ ತಾಯಿ ಪಕ್ಕದಲ್ಲಿ ಕುಳಿತಿರಬೇಕು. ಮುಗಿದ ಮೇಲೆ ಅರ್ಧ ಗಂಟೆ ಮಾತುಕತೆ ಆಗಬೇಕು. ಚಿಕ್ಕವರಿಗೆ ಬೇಡ. ಅದಕ್ಕೆ ಕಾರಣ ಬಿಯರಲ್ಲ. ಅಪ್ಪನ ಕಾರು ಹೋದ ದಿಕ್ಕಿನಲ್ಲಿ ಮಗ ಹೊಗೆಯನ್ನು ನೋಡುತ್ತ ನಿಲ್ಲುತ್ತಾನೆ. ಎಂಟು ವರ್ಷದ ಮಗುವಿಗೆ ಆ ಹೊಗೆಯನ್ನು ಮನೆಗೆ ಹೊತ್ತುಕೊಂಡು ಹೋಗುವ ಶಕ್ತಿ ಇರುವುದಿಲ್ಲ. ಚಿಕ್ಕವರಿಗಾಗಿ ಪಾಠಶಾಳೆಯ ಕೋಣೆಯಲ್ಲಿ 2006ರ 'ಕಾರ್ಸ್' ಎಂಬ ಬೊಂಬೆಚಿತ್ರ ಹಾಕಿಸಿದೆವು. ಅದೂ ಓಟದ್ದೇ. ಅದರಲ್ಲಿ ಗೆಲ್ಲುವ ಗೆರೆಯ ಮುಂದೆ ಬಂದ ನಾಯಕ ಕಾರು ಅಲ್ಲೇ ನಿಂತು, ಹಿಂದೆ ಅಪಘಾತದಲ್ಲಿ ಬಿದ್ದ ಹಿರಿಯ ಕಾರನ್ನು ತಳ್ಳಿಕೊಂಡು ಬಂದು ಗೆರೆ ದಾಟಿಸುತ್ತದೆ. ಬಹುಮಾನ ಬೇರೆಯವನಿಗೆ ಹೋಗುತ್ತದೆ. ಮಕ್ಕಳು ಚಪ್ಪಾಳೆ ಹೊಡೆದದ್ದು ಪಕ್ಕದ ಅಂಗಳದವರೆಗೂ ಕೇಳಿಸಿತು.

ಸಾಯಂಕಾಲದ ಊಟ ಮುಗಿಸಿ ಆರೂವರೆಗೆ ಪ್ರಾರಂಭ. ರಾತ್ರಿ ಭೋಜನ ತ್ಯಾಗದ ಕಾರಣ ನಡುವೆ ತಿಂಡಿಯ ಗದ್ದಲವಿರಲಿಲ್ಲ. ಮುಗಿದ ಮೇಲೆ ಮಾತುಕತೆಯಲ್ಲಿ, ಮೈಲ್ಸ್ ವೇಗ ತಗ್ಗಿಸಿದ್ದು ಸರಿಯೇ ಎಂದು ಕೇಳಿದೆವು. ಹುಡುಗರು ಎರಡು ಪಕ್ಷವಾದರು. ಅಡತಿ ಅಂಗಡಿಯವರ ಮಗ, "ಮಾಲಕರು ಹೇಳಿದ್ರ ಕೇಳಬೇಕಲ್ರಿ, ಕಾರು ಅವರದು" ಎಂದ. ಒಬ್ಬ ಹುಡುಗಿ ಎದ್ದು, "ಕಾರು ಅವರದು ಖರೆ, ಜೀವ ಅವನದಲ್ರಿ?" ಎಂದಳು. ಪಣದ ವಿಷಯ ನಾವೇ ಎತ್ತಬೇಕಾಯಿತು. ಅದು ಜೂಜೆಂದು ಅವರಿಗೂ ಹೊಳೆದಿರಲಿಲ್ಲ. ಆಕ್ಷೇಪಿಸಿದ್ದ ತಾಯಿ ಹಿಂದಿನ ಸಾಲಿನಲ್ಲಿ ಕುಳಿತು ಪೂರ್ತಿ ನೋಡಿ, ಶೆಲ್ಬಿ ಆ ತಂದೆಯಿಲ್ಲದ ಹುಡುಗನ ಕೈಯಲ್ಲಿ ಅವನಪ್ಪನ ಪಾನಾ ಇಟ್ಟು ಹೋಗುವ ದೃಶ್ಯದಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಇಷ್ಟಕ್ಕೇ ಬರಹ ಮುಗಿಸಬಹುದಾಗಿತ್ತು. ಆದರೆ ಅಂದು ರಾತ್ರಿ ನಡೆದುಕೊಂಡು ಮನೆಗೆ ಬರುವಾಗ ಮೊಮ್ಮಗ ಮಾತಾಡಲಿಲ್ಲ. ದಾರಿಯಲ್ಲಿ ನಾವು ಮುನಿಗಳ ಈರ್ಯಾ ಸಮಿತಿಯ ಮಾತು ತೆಗೆದಿದ್ದೆವು. ನಾಲ್ಕು ಮೊಳ ಮುಂದಿನ ನೆಲ ನೋಡಿ ಹೆಜ್ಜೆಯಿಡುವವರು ನಮ್ಮ ಗುರುಗಳು, ಗಂಟೆಗೆ ಮುನ್ನೂರು ಕಿಲೋಮೀಟರು ಓಡುವವನಿಗೆ ಕಾಲ ಕೆಳಗಿನ ಜೀವ ಕಾಣುವುದುಂಟೇ ಎಂದೇನೋ ಹೇಳುತ್ತಿದ್ದೆವು. ಹುಡುಗ ನಿಂತುಬಿಟ್ಟ.

"ಅಜ್ಜಾ, ಹೋದ ವರ್ಷ ಚಳಿಗಾಲದಾಗ ನಿಮಗ ಬುತ್ತಿ ತರೂವಾಗ ಒಂದ ನಾಯಿಮರಿ ಗಾಲಿಗೆ ಬಂತು. ಹೊತ್ತು ಮುಳುಗಲಿಕ್ಕೆ ಬಂದಿತ್ತು. ನಾ ನಿಲ್ಲಲಿಲ್ಲ. ನಿಂತ್ರ ನಿಮ್ಮ ಊಟ ತಪ್ಪತಿತ್ತು."

ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮದು ಕಿರಾಣಿ ಅಂಗಡಿ. ಸಾಯಂಕಾಲ ಐದರಿಂದ ಗಿರಾಕಿ ಹೆಚ್ಚು. ಮಾರ್ಗಶಿರದಲ್ಲಿ ನಮ್ಮ ಸೊಲ್ಲಾಪುರದ ಕಡೆ ಆರಕ್ಕಿಂತ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಗಲ್ಲಾ ಬಿಟ್ಟು ಏಳಲು ಮನಸ್ಸು ಬಾರದೆ ಊಟದ ಡಬ್ಬಿಯನ್ನು ಅಂಗಡಿಗೇ ತರಿಸಿಕೊಳ್ಳುತ್ತಿದ್ದೆವು. ಹುಡುಗ ಶಾಲೆಯಿಂದ ಬಂದವನು ಸ್ಕೂಟರ್ ಹತ್ತಿ ಬರುತ್ತಿದ್ದ. ಆಗ ಅವನಿಗೆ ಹದಿನಾಲ್ಕು. ಗಾಡಿಯ ಕೀಲಿ ಕೊಟ್ಟವರು ನಾವು. "ಲಗು ಬಾ, ಹೊತ್ತು ಮುಳುಗತದ" ಎಂದು ಫೋನು ಮಾಡುತ್ತಿದ್ದವರೂ ನಾವೇ. ಅಪ್ರಾಪ್ತ ವಯಸ್ಕನ ಕೈಯಲ್ಲಿ ಗಾಡಿ ಕೊಟ್ಟರೆ ಪಾಲಕರಿಗೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡವೆಂದು 2019ರ ತಿದ್ದುಪಡಿಯಲ್ಲಿ ಕಾನೂನು ಬಂದದ್ದು ನಮಗೆ ತಿಳಿಯದ ವಿಷಯವಲ್ಲ. ಪೇಟೆಯಲ್ಲಿ ಯಾರ ಮಕ್ಕಳು ಓಡಿಸುವುದಿಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆವು.

ಅಂದು ಡಬ್ಬಿ ಹೊತ್ತಿಗೆ ಸರಿಯಾಗಿ ಬಂದಿರಬೇಕು. ನಾವು ಉಂಡಿರಬೇಕು. ವ್ರತಕ್ಕೆ ಭಂಗ ಬರಲಿಲ್ಲವೆಂದು ತೃಪ್ತಿಯಿಂದ ಕೈ ತೊಳೆದಿರಬೇಕು. ಯಾವ ದಿನವೆಂದು ಕೂಡ ನಮಗೆ ನೆನಪಿಲ್ಲ. ರಾತ್ರಿ ದೀಪಕ್ಕೆ ಬರುವ ಹುಳು ಊಟದಲ್ಲಿ ಬಿದ್ದು ಸಾಯಬಾರದೆಂದು ಹಿರಿಯರು ಹಾಕಿಕೊಟ್ಟ ನಿಯಮ ಅದು.

ಒಂದು ವರ್ಷ ಆ ಹುಡುಗ ಈ ಮಾತನ್ನು ಒಳಗಿಟ್ಟುಕೊಂಡಿದ್ದ. ನಮಗೆ ಹೇಳಿದ್ದು ಪ್ರವಚನ ಕೇಳಿ ಅಲ್ಲ. ಪರದೆಯ ಮೇಲೆ ಒಬ್ಬ ಹುಡುಗ ಹೊಗೆ ನೋಡುತ್ತ ನಿಂತದ್ದನ್ನು ನೂರು ಜನರ ನಡುವೆ, ತನ್ನವರ ಪಕ್ಕದಲ್ಲಿ ಕುಳಿತು ನೋಡಿದ ಮೇಲೆ. ಮೊಬೈಲಿನಲ್ಲಿ ಒಬ್ಬನೇ ಎರಡು ಸಲ ನೋಡಿದಾಗ ಬಾಯಿಗೆ ಬಾರದ ಮಾತು ಇದು. ಆದ್ದರಿಂದ ಆ ಚಿತ್ರವನ್ನು ದುಃಶ್ರುತಿಯೆಂದು ಪೂರ್ತಿ ತಳ್ಳಿಹಾಕಲು ನಮಗೆ ಈಗ ಮನಸ್ಸು ಒಪ್ಪುವುದಿಲ್ಲ. ಪಣ, ಕಳ್ಳತನದ ಬಗ್ಗೆ ಹೇಳಿದ್ದನ್ನು ಹಿಂದೆಗೆದುಕೊಳ್ಳುವುದೂ ಇಲ್ಲ.

ಮರುದಿನ ಬಸದಿಯಲ್ಲಿ ಪಂಡಿತರ ಮುಂದೆ ಹೇಳಿಕೊಂಡು ನಾವು ಒಂದು ಉಪವಾಸ ಮಾಡಿದೆವು. ಹುಡುಗ ತಾನೂ ಮಾಡುವೆನೆಂದ. ತಪ್ಪು ನಮ್ಮದು, ನಿನಗೆ ಬೇಡವೆಂದೆವು. ಅವನು ಕೇಳಲಿಲ್ಲ, ಏಕಾಶನ ಮಾಡಿದ. ಸೊಸೆ ಮಾತ್ರ, "ಮಾಮಾ, ಗಾಡಿ ಕೀಲಿ ಇನ್ನ ನನ್ನ ಕಡೆ ಇರಲಿ" ಎಂದು ತೆಗೆದುಕೊಂಡು ತಿಜೋರಿಯಲ್ಲಿ ಇಟ್ಟರು.

ಈಗ ಐದು ಗಂಟೆಗೆ ನಾವೇ ಗಲ್ಲಾಕ್ಕೆ ಬೀಗ ಹಾಕಿ ಮನೆಗೆ ನಡೆದು ಹೋಗುತ್ತೇವೆ. ಹೋಗಲು ಹದಿನೈದು ನಿಮಿಷ, ಬರಲು ಹದಿನೈದು ನಿಮಿಷ. ಆ ಹೊತ್ತಿನಲ್ಲಿ ಬಂದ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾನೆ. ದಿನಕ್ಕೆ ನಾಲ್ಕೈದು ನೂರು ರೂಪಾಯಿಯ ವ್ಯಾಪಾರ ಕಡಿಮೆ ಬೀಳುತ್ತಿದೆ.